ನೂರಾ ಹದಿನೇಳನೇ ಸದಸ್ಯರು ಇನ್ನೂ ತೀರ್ಮಾನಿಸಿಲ್ಲ

ಅಬುಧಾಬಿಯಲ್ಲಿ ಸೂರ್ಯ ತಾನಾಗಿ ಹುಟ್ಟುವುದಿಲ್ಲ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಬೀದಿಯಲ್ಲಿ, ಹಳದಿ ಶಾಲಾ ಬಸ್ಸಿನ ಬಾಗಿಲಲ್ಲಿ ನಿಂತು ಜಮೀಲಕ್ಕ ಸೀಟಿ ಊದುತ್ತಾರೆ, ಆಮೇಲೆ ಅವನು ಹುಟ್ಟುತ್ತಾನೆ. ಹನ್ನೊಂದು ವರ್ಷದಲ್ಲಿ ಅವನು ತಡ ಮಾಡಿದ್ದು ಎರಡೇ ಸಲ, ಎರಡು ಸಲವೂ ಮೆಮೊ ಬಂದದ್ದು ಜಮೀಲಕ್ಕನಿಗೆ. ಹೀಗೆಂದು ಹೇಳುವವರು ಖುದ್ದು ಜಮೀಲಕ್ಕನೇ ಆದ್ದರಿಂದ, ಅನುಮಾನಿಸುವ ಧೈರ್ಯ ಬಸ್ಸಿನ ಮೂವತ್ತನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಇಲ್ಲ.

ಬೆಳಗಿನ ಐದೂ ಮುಕ್ಕಾಲಿಗೆ ಮೊದಲ ವಿಲ್ಲಾದ ಎದುರು ಬಸ್ಸು ನಿಲ್ಲುತ್ತದೆ. ಕೆಲಸದ ಹೆಸರು ಬಸ್ ನ್ಯಾನಿ. ಮಕ್ಕಳನ್ನು ಹತ್ತಿಸುವುದು, ಬೆಲ್ಟ್ ಹಾಕುವುದು, ಎಣಿಸುವುದು, ಶಾಲೆಯ ಗೇಟಿನಲ್ಲಿ ಇಳಿಸಿ ಮತ್ತೆ ಎಣಿಸುವುದು. ಐವತ್ತೆರಡು ವರ್ಷದ ಜಮೀಲಕ್ಕ ಅಬಾಯದ ಮೇಲೆ ಹೊಳೆಯುವ ಹಸಿರು ಜಾಕೆಟ್ ತೊಟ್ಟಿದ್ದಾರೆ. ಒಂದು ಕೈಯಲ್ಲಿ ಬಾಗಿಲ ಸರಳು, ಇನ್ನೊಂದರಲ್ಲಿ ಎರಡನೇ ತರಗತಿಯ ನಿದ್ದೆಗಣ್ಣಿನ ಹುಡುಗಿ.

"ಆಂಟಿ, ಐ ಯಾಮ್ ಸ್ಲೀಪಿ," ಎನ್ನುತ್ತದೆ ಮಗು.

"ನೀನು ಸ್ಲೀಪಿ, ನಾನು ನಾಲ್ಕಕ್ಕೆ ಎದ್ದ ಪಾಪಿ. ಯಲ್ಲಾ, ಹತ್ತು."

ಬೆಳಿಗ್ಗೆ ಎರಡು ಟ್ರಿಪ್, ಮಧ್ಯಾಹ್ನ ಎರಡು ಟ್ರಿಪ್. ದಿನಕ್ಕೆ ನೂರ ಮೂವತ್ತಾರು ಸಲ ಬೆಲ್ಟಿನ ಕೊಂಡಿ ಸಿಕ್ಕಿಸಬೇಕು. ಹನ್ನೊಂದು ವರ್ಷದ ಬೆಲ್ಟುಗಳನ್ನು ಉದ್ದಕ್ಕೆ ಜೋಡಿಸಿದರೆ ದುಬೈಯ ದೇರಾದಿಂದ ಮಂಗಳೂರಿನವರೆಗೆ ಸಮುದ್ರದ ಮೇಲೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಬಹುದು ಎಂಬುದು ಅವರ ಲೆಕ್ಕ. ಜೂನ್ ತಿಂಗಳ ಬಿಸಿಲಲ್ಲಿ ಬಾಗಿಲ ಸರಳಿನ ಮೇಲೆ ನೀರುದೋಸೆ ಹುಯ್ದಿದ್ದಾರಂತೆ, ಒಂದೇ ನಿಮಿಷಕ್ಕೆ ಎದ್ದಿತಂತೆ. ಡ್ರೈವರ್ ರಶೀದ್ ಈ ದೋಸೆ ತಿಂದ ಸಾಕ್ಷಿ. ಕೇಳಿದರೆ ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟು, "ಚಟ್ನಿ ಇರ್ಲಿಲ್ಲ," ಎಂದಷ್ಟೇ ಹೇಳುತ್ತಾರೆ.

ಆದರೆ ಒಂದು ಕೆಲಸವನ್ನು ಜಮೀಲಕ್ಕ ತಮಾಷೆಯಿಲ್ಲದೆ ಮಾಡುತ್ತಾರೆ. ಮಕ್ಕಳೆಲ್ಲ ಇಳಿದ ಮೇಲೆ ಬಸ್ಸಿನೊಳಗೆ ಕೊನೆಯ ಸೀಟಿನವರೆಗೆ ನಡೆಯುವುದು ನಿಯಮ, ಯಾವ ಮಗುವೂ ಮಲಗಿ ಉಳಿದಿಲ್ಲವೆಂದು ನೋಡುವುದಕ್ಕೆ. ಉಳಿದ ಬಸ್ಸಿನವರು ಕಣ್ಣಲ್ಲಿ ನೋಡುತ್ತಾರೆ. ಇವರು ಪ್ರತಿ ಸೀಟಿನ ಮೇಲೂ ಅಂಗೈ ಇಟ್ಟು ನೋಡುತ್ತಾರೆ. ಇಟ್ಟು, ತೆಗೆದು, ಮುಂದಿನದು.

"ಕಣ್ಣು ಸುಳ್ಳು ಹೇಳ್ತದೆ. ಕೈ ಹೇಳುದಿಲ್ಲ," ಎನ್ನುತ್ತಾರೆ.

ಕಾಪು ಬಳಿಯ ಮಜೂರಿನವರಾದ ಜಮೀಲಕ್ಕನ ಗಂಡ ಮುಹಿಯುದ್ದೀನ್ ಮೊದಲು ದೇರಾದ ಮೀನು ಮಾರ್ಕೆಟಿನಲ್ಲಿದ್ದರು, ಆಮೇಲೆ ಮುಸಫ್ಫಾದ ಕಬ್ಬಿಣದ ವರ್ಕ್‌ಶಾಪಿನಲ್ಲಿ ವೆಲ್ಡರ್. ಹದಿನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಕಂಪೆನಿ ಬಸ್ಸಿನ ಕೊನೆಯ ಸಾಲಿನಲ್ಲಿ ಕುಳಿತವರು ಕಿಟಕಿಗೆ ತಲೆಯಾನಿಸಿದರು. ಎಲ್ಲರೂ ಇಳಿದರು. ನಿದ್ದೆಯಿರಬೇಕು ಎಂದುಕೊಂಡವರು ಕೆಲವರು, ನೋಡದೆ ಇಳಿದವರು ಉಳಿದವರು. ಬಸ್ಸು ಯಾರ್ಡಿಗೆ ಹೋಗಿ ನಿಂತಿತು. ಎರಡು ಗಂಟೆ ಕಳೆದು ಗುಡಿಸಲು ಬಂದವನು ಮುಟ್ಟಿ ನೋಡಿದ. ಈ ಸಂಗತಿಯನ್ನು ಮಾತ್ರ ಜಮೀಲಕ್ಕ ಉಬ್ಬಿಸಿ ಹೇಳುವುದಿಲ್ಲ. ಹೇಳುವುದೇ ಕಡಿಮೆ.

ಈ ವಾರ ಮುಹಿಯುದ್ದೀನರ ಹೆಸರು ಊರೆಲ್ಲ ಓಡಾಡುತ್ತಿರುವುದು ಬೇರೆ ಕಾರಣಕ್ಕೆ. ಮುಸಫ್ಫಾ ಸುತ್ತಮುತ್ತಲಿನ ಕನ್ನಡಿಗರ 'ಮರಳುಮಲ್ಲಿಗೆ ಕೂಟ'ಕ್ಕೆ ಶುಕ್ರವಾರ ಅಧ್ಯಕ್ಷ ಚುನಾವಣೆ. ಹತ್ತೊಂಬತ್ತು ವರ್ಷ ಅಲ್ಲಿ ಚುನಾವಣೆಯೆಂದರೆ ಒಬ್ಬರು ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು, ಎಲ್ಲರೂ ಬಿರಿಯಾನಿಯ ಕಡೆ ನಡೆಯುವುದು. ಈ ಸಲ ಇಬ್ಬರು ನಿಂತಿದ್ದಾರೆ. ಮುಸಫ್ಫಾದಲ್ಲಿ ಬಿಡಿಭಾಗಗಳ ಅಂಗಡಿಯಿಟ್ಟಿರುವ ಝಹೀರ್, ಮತ್ತು ಕಂಪೆನಿಯೊಂದರಲ್ಲಿ ಅಕೌಂಟೆಂಟ್ ಆಗಿರುವ ಮೈಸೂರಿನ ಶಾಮಸುಂದರ. ಒಬ್ಬರು ಅಲ್ ಐನ್‌ಗೆ ಪಿಕ್‌ನಿಕ್ ಅನ್ನುತ್ತಾರೆ, ಇನ್ನೊಬ್ಬರು ಮಕ್ಕಳಿಗೆ ಕನ್ನಡ ತರಗತಿ ಅನ್ನುತ್ತಾರೆ. ಅಮೆರಿಕದ ಅಧ್ಯಕ್ಷರ ಚುನಾವಣೆ ಇದರ ಮುಂದೆ ಪಂಚಾಯಿತಿ ಮಟ್ಟದ್ದು.

ಎಡವಟ್ಟು ಮಾಡಿದ್ದು ಕೂಟದ ಕಂಪ್ಯೂಟರ್ ತಜ್ಞ ಚಂದು. ಜನರ ಒಲವು ಯಾವ ಕಡೆಯಿದೆ ನೋಡೋಣವೆಂದು ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಲ್ ಹಾಕಿದ. ಆಯ್ಕೆ ಮೂರು: ಝಹೀರ್, ಶಾಮಸುಂದರ, ಇನ್ನೂ ತೀರ್ಮಾನಿಸಿಲ್ಲ. ಒತ್ತಿದವರ ಹೆಸರು, ಫೋಟೊ ಎಲ್ಲರಿಗೂ ಕಾಣುತ್ತದೆ ಎಂಬುದು ಹುಡುಗನ ತಲೆಗೆ ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಅಳಿಸಿದ, ಆದರೆ ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಶಾರ್ಜಾ ತಲುಪಿತ್ತು. ಝಹೀರ್‌ಗೆ ತೊಂಬತ್ತೆಂಟು, ಶಾಮಸುಂದರರಿಗೆ ತೊಂಬತ್ತೇಳು. ಮೂರನೇ ಸಾಲಿನಲ್ಲಿ ಆರು ಜನ.

ಆರರಲ್ಲಿ ಒಬ್ಬರ ಬೆಡ್ ಸ್ಪೇಸ್, ಅಂದರೆ ಬಾಡಿಗೆಯ ಮಂಚ, ಝಹೀರರ ಭಾವನ ಫ್ಲ್ಯಾಟಿನಲ್ಲಿ, ಡ್ಯೂಟಿ ಶಾಮಸುಂದರರ ಕೈಕೆಳಗೆ. ಅವರು ತೀರ್ಮಾನಿಸದೆ ಇದ್ದದ್ದು ಬುದ್ಧಿವಂತಿಕೆ. ಇನ್ನಿಬ್ಬರು ಗಂಡಹೆಂಡತಿ, ಮನೆಯಲ್ಲಿ ಜಗಳ ಮುಗಿದಿರಲಿಲ್ಲ. ಮತ್ತಿಬ್ಬರಿಗೆ ಯಾರಾದರೂ ಬಂದು ಕೇಳಲಿ ಎಂಬ ಆಸೆ. ಎರಡು ದಿನದಲ್ಲಿ ಆ ಐವರೂ ಒಂದೊಂದು ಕಡೆ ಸೇರಿಕೊಂಡರು, ಎರಡೂ ಕಡೆ ನೂರು ನೂರು ಆಯಿತು. ಉಳಿದದ್ದು ಒಂದೇ ಹೆಸರು, ನೀಲಿ ಅಂಗಿಯ ಚಿಕ್ಕ ಫೋಟೊದೊಂದಿಗೆ. ಮುಹಿಯುದ್ದೀನ್, ಸದಸ್ಯ ಸಂಖ್ಯೆ 117.

ಒತ್ತಿದ್ದು ಜಮೀಲಕ್ಕ, ಗಂಡನ ಫೋನಿನಿಂದ. ಆ ಸಿಮ್ಮನ್ನು ಅವರು ಹದಿನಾಲ್ಕು ತಿಂಗಳಿಂದ ಸಾಯಲು ಬಿಟ್ಟಿಲ್ಲ. ದೇರಳಕಟ್ಟೆಯಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಮಿನ್ಹಾ ಫೋನಿನಲ್ಲಿ, "ಉಮ್ಮಾ, ಪ್ಲೀಸ್, ಉಪ್ಪನ ನಂಬರ್ ಕ್ಲೋಸ್ ಮಾಡಿ," ಎಂದು ಮೂರು ಸಲ ಹೇಳಿದ್ದಾಳೆ. ಮೂರು ಸಲವೂ ಲೈನ್ ಸರಿಯಿರಲಿಲ್ಲವಂತೆ.

ಕೂಟದ ನಿಯಮ ಹೀಗಿದೆ. ಸದಸ್ಯರು ತೀರಿಕೊಂಡರೆ ಸದಸ್ಯತ್ವ ಹೆಂಡತಿಗೆ ಬರುತ್ತದೆ. ಒಂದು ಫಾರ್ಮಿಗೆ ಸಹಿ ಹಾಕಿದರೆ ಪಟ್ಟಿಯಲ್ಲಿ ಅವರ ಹೆಸರು ಅಳಿದು ಇವರ ಹೆಸರು ಕೂರುತ್ತದೆ, ಗುಂಪಿನಿಂದ ಹಳೆಯ ನಂಬರು ಹೋಗುತ್ತದೆ. ಶುಕ್ರವಾರದ ಮತದಾನದ ಲಿಂಕ್ ಆಮೇಲೆ ಜಮೀಲಕ್ಕನ ಫೋನಿಗೇ ಬರುತ್ತದೆ. ಸಹಿ ಹಾಕದೆ ಶುಕ್ರವಾರ ಸಂಜೆ ಆರು ದಾಟಿದರೆ 117 ಎಂಬ ಸಂಖ್ಯೆಯೇ ರದ್ದು. ಹೇಗೆ ಮಾಡಿದರೂ ಮುಹಿಯುದ್ದೀನ್ ಎಂಬ ಹೆಸರು ಪಟ್ಟಿಯಲ್ಲಿ ಉಳಿಯುವುದು ಶುಕ್ರವಾರದವರೆಗೆ. ಫಾರ್ಮ್ ಮೂರು ವಾರದಿಂದ ಅವರ ಚೀಲದಲ್ಲಿದೆ.

ಯಾಕೆ ತೀರ್ಮಾನಿಸಿಲ್ಲ ಎಂದು ಕೇಳಿದವರಿಗೆಲ್ಲ ಜಮೀಲಕ್ಕನ ಬಳಿ ಒಂದೊಂದು ಕಾರಣವಿದೆ. ಡ್ರೈವರ್ ರಶೀದ್‌ಗೆ, "ಎರಡೂ ಕಡೆಯ ಬಿರಿಯಾನಿ ತಿಂದು ನೋಡ್ಬೇಕು ಮಾರಾಯ್ರೆ, ಉಪ್ಪು ಯಾರದ್ದು ಸರಿ ಉಂಟು ಅಂತ." ತನ್ನವರೆಂಬ ಲೆಕ್ಕದಲ್ಲಿ ಇವರ ಮತವನ್ನು ಮೊದಲೇ ಜೇಬಿಗೆ ಹಾಕಿಕೊಂಡಿದ್ದ ಝಹೀರ್‌ಗೆ, "ನೀನು ನಮ್ಮವನೇ. ಅದಕ್ಕೇ ಬೈಲಿಕ್ಕೆ ಸುಲಭ, ವೋಟು ಹಾಕ್ಲಿಕ್ಕೆ ಕಷ್ಟ." ಶಾಮಸುಂದರರಿಗೆ, "ಸಾರ್, ನೀವು ಗೆದ್ರೆ ನನ್ನ ಕನ್ನಡ ತಿದ್ದೀರಿ ಅಂತ ಹೆದ್ರಿಕೆ."

ಇಬ್ಬರ ಮೇಲೂ ಅವರಿಗೆ ಸಿಟ್ಟಿಲ್ಲ. ಬನಿಯಾಸ್‌ನ ಕಬರ್‌ಸ್ತಾನದಲ್ಲಿ ಮುಹಿಯುದ್ದೀನರನ್ನು ಮಣ್ಣಿಗಿಳಿಸುವಾಗ ಕೆಳಗಿಳಿದು ಕೈಯೊಡ್ಡಿದ್ದು ಝಹೀರ್. ಆ ಬಿಸಿಲಲ್ಲಿ ಗೇಟಿನ ಹೊರಗೆ ಮೂರು ಗಂಟೆ ನಿಂತು ಬಂದವರಿಗೆಲ್ಲ ನೀರು ಕೊಟ್ಟದ್ದು ಶಾಮಸುಂದರ.

ಈಗ ಎರಡೂ ಪಾಳಯದ ಹೊಸ ಸ್ವಯಂಸೇವಕರ ಕೈಯಲ್ಲಿ ಒಂದೇ ಪಟ್ಟಿ, ಪಟ್ಟಿಯಲ್ಲಿ ಒಂದೇ ಹೆಸರು ಬಾಕಿ. ಇತ್ತೀಚೆಗೆ ಸೇರಿದ ಈ ಹುಡುಗರಿಗೆ ಮುಹಿಯುದ್ದೀನ್ ತೀರಿಕೊಂಡದ್ದು ಗೊತ್ತಿಲ್ಲ. "ಮಾನ್ಯ ಮುಹಿಯುದ್ದೀನ್ ಅವರೇ, ಕೂಟದ ಭವಿಷ್ಯ ನಿಮ್ಮ ಕೈಯಲ್ಲಿದೆ" ಎಂದು ಸಂದೇಶ ಬರುತ್ತದೆ. "ಹಿರಿಯರಾದ ತಮ್ಮ ಅಭಿಪ್ರಾಯ ತಿಳಿಸಿ" ಎಂದು ಇನ್ನೊಂದು. ಕರೆಗಳ ಭಾರಕ್ಕೆ ಮುಸಫ್ಫಾದ ಮೊಬೈಲ್ ಟವರ್ ಎಡಕ್ಕೆ ಎರಡು ಮೊಳ ವಾಲಿದೆ ಎಂದು ಜಮೀಲಕ್ಕ ಬೆರಳಿಟ್ಟು ತೋರಿಸುತ್ತಾರೆ.

"ಮೊದಲಿಂದ್ಲೂ ಹೀಗೇ," ಎಂದು ಬೇರೆ ಹೇಳುತ್ತಾರೆ. "ಮಿನ್ಹಾಳ ಉಪ್ಪನನ್ನು ಕೇಳದೆ ಈ ಕೂಟದಲ್ಲಿ ಒಬ್ಬ ಅಧ್ಯಕ್ಷ ಆದದ್ದುಂಟಾ? ಹಿಂದಿನ ದಿನ ನಮ್ಮ ರೂಮಿನ ಹೊರಗೆ ಚಪ್ಪಲಿ ಇಡ್ಲಿಕ್ಕೆ ಜಾಗ ಇರ್ತಿರ್ಲಿಲ್ಲ. ಇವರು ಒಳಗೆ ಕೂತು ಹ್ಞೂಂ ಅಂದ್ರೆ ಹ್ಞೂಂ, ಇಲ್ಲ ಅಂದ್ರೆ ಮಾಫಿ." ಮಕ್ಕಳು, ರಶೀದ್, ಶಾಲೆಯ ಕಾವಲುಗಾರ, ಎಲ್ಲರಿಗೂ ಈ ಕತೆ ಬಾಯಿಪಾಠ.

ಬುಧವಾರ ಬೆಳಿಗ್ಗೆ ಮಕ್ಕಳೆಲ್ಲ ಇಳಿದ ಮೇಲೂ ಬಸ್ಸಿನಲ್ಲಿ ಒಬ್ಬರು ಉಳಿದಿದ್ದಾರೆ. ಅದೇ ಶಾಲೆಯ ವಿಜ್ಞಾನ ಶಿಕ್ಷಕಿ ಇಂದ್ರಾಣಿ, ಕೂಟದ ಈ ಸಲದ ಚುನಾವಣಾಧಿಕಾರಿ. ಫಾರ್ಮಿಗೆ ಸಹಿ ಹಾಕಿಸಿಕೊಳ್ಳಲು ನಿಂತಿದ್ದಾರೆ.

"ಇವತ್ತಾದ್ರೂ ಕೊಡ್ತೀರಾ ಜಮೀಲಕ್ಕ? ನನ್ನ ತಲೆ ತಿಂತಾ ಇದಾರೆ ಕಣ್ರೀ."

"ಒಳ್ಳೇ ತಲೆ ಟೀಚರ್ ನಿಮ್ದು. ತಿಂದ್ರೂ ಮುಗಿಯುದಿಲ್ಲ," ಎನ್ನುತ್ತ ಜಮೀಲಕ್ಕ ಸೀಟುಗಳ ಮೇಲೆ ಅಂಗೈ ಇಡುತ್ತ ಹಿಂದೆ ಹಿಂದೆ ಹೋಗುತ್ತಾರೆ.

ಮುಂದಿನ ಸೀಟಿನ ಮೇಲಿದ್ದ ಅವರ ಚೀಲದೊಳಗೆ ಫೋನು ಹೊಡೆದುಕೊಳ್ಳುತ್ತದೆ. ಹಳೆಯ ಕಾಲದ ಟೆಲಿಫೋನಿನ ಟ್ರಿಣ್ ಟ್ರಿಣ್, ವರ್ಕ್‌ಶಾಪಿನ ಗದ್ದಲದಲ್ಲಿ ಕೇಳಿಸಲೆಂದು ಮುಹಿಯುದ್ದೀನ್ ಇಟ್ಟುಕೊಂಡಿದ್ದು. ಜಮೀಲಕ್ಕ ಕೊನೆಯ ಸಾಲು ಬಿಟ್ಟು ಓಡಿಬರುತ್ತಾರೆ. ಎದುರಿಗೆ ಇಂದ್ರಾಣಿ ನಿಂತಿರುವುದು ಮರೆತುಹೋಗಿದೆ.

"ಹಲೋ. ಹೌದು, ಅವರದ್ದೇ ನಂಬರ್. ಇಲ್ಲ, ಡ್ಯೂಟಿಗೆ ಹೋಗಿದ್ದಾರೆ. ಫೋನ್ ಮನೆಯಲ್ಲಿ ಬಿಟ್ಟು ಹೋದದ್ದು. ಇಲ್ಲ ಮಗಾ, ಇನ್ನೂ ತೀರ್ಮಾನ ಆಗ್ಲಿಲ್ಲ ಅಂತ ಹೇಳ್ತಿದ್ರು ಬೆಳಿಗ್ಗೆ. ಆಲೋಚನೆ ಮಾಡ್ತಿದ್ದಾರೆ. ಸಂಜೆ ಮಾಡಿ, ಹ್ಞಾಂ? ಮಾಡಿ ಆಯ್ತಾ."

ಅವರು ಫೋನು ಇಳಿಸುತ್ತಾರೆ. ರಶೀದ್ ಕನ್ನಡಿಯಲ್ಲಿ ಒಮ್ಮೆ ನೋಡಿ, ನೀರಿನ ಬಾಟಲಿ ಹಿಡಿದು ಕೆಳಗಿಳಿದು ಹೋಗುತ್ತಾರೆ.

ಇಂದ್ರಾಣಿ ಕೈ ಚಾಚುತ್ತಾರೆ. ಜಮೀಲಕ್ಕ ಯಾಕೋ ಫೋನು ಕೊಟ್ಟುಬಿಡುತ್ತಾರೆ. ಟೀಚರ್ ವಾಟ್ಸಾಪ್ ತೆರೆದು ಬೆರಳಲ್ಲಿ ಮೇಲೆ ಸರಿಸುತ್ತಾರೆ. ಗುಂಪಿನದು ಬಿಟ್ಟು, ಅವರೊಬ್ಬರಿಗೇ ಬಂದ ಈ ತಿಂಗಳ ಸಂದೇಶಗಳು ಸಾಲುಸಾಲಾಗಿವೆ. ಅದರ ಹಿಂದಿನ ಹದಿಮೂರು ತಿಂಗಳು ಯಾರಿಂದಲೂ ಏನೂ ಇಲ್ಲ. ಅದಕ್ಕೂ ಹಿಂದೆ, ಮನುಷ್ಯ ಬದುಕಿದ್ದಾಗ, ಕೂಟದವರಿಂದ ಬಂದವು: "ಕುರ್ಚಿ ಎಷ್ಟು ಬೇಕಾಗಬಹುದು?" "ಬೇಗ ಬನ್ನಿ, ಕುರ್ಚಿ ಇಳಿಸಬೇಕು." "ಮುಹಿಯುದ್ದೀನಾಕ, ಆರು ಕುರ್ಚಿ ಕಡಿಮೆ ಉಂಟು." ಹತ್ತಿಪ್ಪತ್ತು ಪರದೆ ಸರಿಸಿದರೂ ಕುರ್ಚಿಯೇ.

"ಚಪ್ಪಲಿ ಇಡೋಕೆ ಜಾಗ ಇರ್ತಿರಲಿಲ್ಲ ಅಂತಿದ್ರಲ್ಲ," ಎಂದು ಇಂದ್ರಾಣಿ ಮೆಲ್ಲಗೆ ಹೇಳುತ್ತಾರೆ. ಹೇಳಿದ ಮೇಲೆ ಹೇಳಬಾರದಿತ್ತೆಂದು ಅವರ ಮುಖದಲ್ಲೇ ಕಾಣುತ್ತದೆ.

ಜಮೀಲಕ್ಕ ಮಕ್ಕಳ ಸೀಟಿನಲ್ಲಿ ಕುಳಿತುಕೊಳ್ಳುತ್ತಾರೆ. ಮೊಣಕಾಲು ಎದುರಿನ ಸೀಟಿಗೆ ತಾಗುತ್ತದೆ.

"ಸುಳ್ಳು ಟೀಚರ್. ಯಾರೂ ಬರ್ತಿರ್ಲಿಲ್ಲ. ಹತ್ತೊಂಬತ್ತು ವರ್ಷ ಕುರ್ಚಿ ಹಾಕಿದ್ದು, ತೆಗ್ದದ್ದು, ಅಷ್ಟೇ. ಮೀಟಿಂಗ್ ಆಗುವಾಗ ಇವರು ಹಿಂದೆ ಗೋಡೆಗೆ ಒರಗಿ ನಿಲ್ಲುದು. ಚಪ್ಪಾಳೆ ತಟ್ಟುವಾಗ ಇವರೂ ತಟ್ಟುದು."

ಇಂದ್ರಾಣಿ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳುತ್ತಾರೆ. ಶಾಲೆಯ ಮೊದಲ ಗಂಟೆ ಹೊಡೆಯುತ್ತದೆ. ಅವರು ಏಳುವುದಿಲ್ಲ.

"ಈಗ ಕೇಳ್ತಿದ್ದಾರೆ ನೋಡಿ. ಮಾನ್ಯರೇ ಅಂತ. ಅಭಿಪ್ರಾಯ ಹೇಳಿ ಅಂತ. ಇವರ ಫೋನ್ ದಿನಕ್ಕೆ ಹತ್ತು ಸಲ ಹೊಡ್ಕೊಳ್ತದೆ. ಸಹಿ ಹಾಕಿದ್ರೆ ಖಲಾಸ್ ಅಲ್ವಾ ಅದು."

"ಜಮೀಲಕ್ಕ, ಅವರಿಗೆ ಯಾರು ಇಷ್ಟವಾಗ್ತಿದ್ರೋ ಅವರಿಗೇ ನೀವು ಹಾಕಿ. ಅವರ ಮಾತೂ ಉಳಿದ ಹಾಗಾಗತ್ತೆ."

ಜಮೀಲಕ್ಕ ಚೀಲದಿಂದ ಫಾರ್ಮ್ ತೆಗೆದು ತೊಡೆಯ ಮೇಲಿಟ್ಟು, ಮಡಿಕೆ ಬಿದ್ದ ಕಡೆ ಅಂಗೈಯಿಂದ ತೀಡುತ್ತಾರೆ.

"ಶುಕ್ರವಾರ ಐದೂವರೆಗೆ ಸಹಿ ಹಾಕಿ ಕೊಡ್ತೇನೆ. ಅಷ್ಟರವರೆಗೆ ಇರ್ಲಿ ಟೀಚರ್, ನೀವು ಯಾರಿಗೂ ಹೇಳ್ಬೇಡಿ. ನನ್ನ ವೋಟು ಯಾರಿಗೆ ಅಂತ ನಂಗೆ ಮೊದಲ ದಿನವೇ ಗೊತ್ತುಂಟು, ಬಿರಿಯಾನಿ ತಿಂದು ನೋಡ್ಬೇಕು ಅಂತ ಹೇಳಿದ್ದೆಲ್ಲ ಸುಮ್ಮನೆ. ಮೀಟಿಂಗಿಂದ ಬಂದ ಕೂಡಲೇ ಯಾರು ಅಧ್ಯಕ್ಷ ಆದದ್ದು ಅಂತ ಇವರ ಹತ್ರ ಕೇಳ್ತಿದ್ದೆ ನಾನು. ನಿಮ್ಗೆ ಯಾರು ಆಗ್ಬೇಕಿತ್ತು ಅಂತ ಒಂದು ದಿನ ಕೇಳ್ಲಿಲ್ಲ. ಇವರದ್ದು ಯಾರಿಗೆ ಅಂತ ನಂಗೆ ಗೊತ್ತಿಲ್ಲ ಟೀಚರ್."