ಊಟವಾದ ಮೇಲಿನ ಧಾರೆ

ಕಪಾಟಿನ ಕೆಳಗಿನ ಖಾನೆಯಿಂದ ನಮ್ಮ ಮದುವೆಯ ಆಲ್ಬಮ್ಮನ್ನು ಹೊರಗೆಳೆದಾಗ ಮೊದಲು ಬಂದದ್ದು ವಾಸನೆ. ನುಸಿಗುಳಿಗೆ, ಹಳೆಯ ಅಂಟು, ಪ್ಲಾಸ್ಟಿಕ್ ಹಾಳೆಯೊಳಗೆ ಎಷ್ಟೋ ವರ್ಷದಿಂದ ಸಿಕ್ಕಿಹಾಕಿಕೊಂಡ ತೇವ. ನಿಮ್ಮ ಮನೆಯಲ್ಲೂ ಅಂಥದೊಂದು ಆಲ್ಬಮ್ ಇದ್ದರೆ ಈ ವಾಸನೆ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ನೀವು ತೀರಾ ಈಚೆಗೆ ಮದುವೆಯಾದವರು, ನಿಮ್ಮ ಫೋಟೋಗಳೆಲ್ಲ ಮೊಬೈಲಿನಲ್ಲಿವೆ ಎಂದು ಲೆಕ್ಕ.

ನನ್ನ ಮಗಳು ಶ್ರಾವ್ಯಳದ್ದು ಹಾಗೆಯೇ. ಹೋದ ವರ್ಷ ಅವಳ ಮದುವೆಯಾಯಿತು. ಫೋಟೋದವರು ಒಂದು ಲಿಂಕ್ ಕಳಿಸಿದರು, ಅದರೊಳಗೆ ನಾಲ್ಕು ಸಾವಿರ ಚಿತ್ರಗಳು. ನಾನು ಶ್ರದ್ಧೆಯಿಂದ ನೋಡಲು ಕೂತೆ. ಹೆಬ್ಬೆರಳು ನೋಯತೊಡಗಿದಾಗಲೂ ಮದರಂಗಿಯ ದಿನವೇ ಮುಗಿದಿರಲಿಲ್ಲ. ಮಗಳನ್ನು ಕೇಳಿದರೆ, "ಪುರುಸೊತ್ತಾದಾಗ ನೋಡ್ತೇನಮ್ಮ" ಎನ್ನುತ್ತಾಳೆ. ತನ್ನ ಮದುವೆಯ ಫೋಟೋ ನೋಡಿ ಮುಗಿಸದ ಈ ಹುಡುಗಿಗೆ ನಮ್ಮದರ ಮೇಲೆ ಮಾತ್ರ ಎಲ್ಲಿಲ್ಲದ ಪ್ರೀತಿ. ಕಳೆದ ತಿಂಗಳು ಮೂಡುಬಿದಿರೆಯಿಂದ ಫೋನ್ ಮಾಡಿ, "ನಿಮ್ಮ ಮದುವೆಗೆ ಮೂವತ್ತು ವರ್ಷ ಆಗ್ತದಲ್ಲ, ಹಳೇ ಆಲ್ಬಮ್ ಸ್ಕ್ಯಾನ್ ಮಾಡಿಸಿ ಒಂದು ಪುಸ್ತಕದ ಹಾಗೆ ಮಾಡಿಸುವ" ಎಂದಳು. ನಾನು ತಕ್ಷಣ ಒಪ್ಪಿಕೊಂಡೆ. ಅವಳಿಗೆ ಹೇಳದ ಒಂದು ಕಾರಣ ನನ್ನ ಹೊಟ್ಟೆಯೊಳಗಿತ್ತು: ಹನ್ನೊಂದನೆಯ ಪುಟದ ಫೋಟೋ. ಈಗಿನ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಸರಿ ಮಾಡುತ್ತಾರಂತೆ. ಅದೊಂದನ್ನು ಸರಿ ಮಾಡಿಸಿಬಿಡಬೇಕು ಅಂತ.

ಅದಕ್ಕೆ ಮೊದಲು ಈ ಆಲ್ಬಮ್ಮಿನ ತಿರುಗಾಟವನ್ನು ಹೇಳಬೇಕು. ಆಗೆಲ್ಲ ಮದುವೆಗೆ ಬರಲಾಗದ ನೆಂಟರು ಆಲ್ಬಮ್ಮನ್ನು ಮನೆಗೆ ತರಿಸಿಕೊಂಡು ನೋಡುತ್ತಿದ್ದರು. ನಮ್ಮದು ಯಾರದೋ ಕೈಯಲ್ಲಿ ಬಸ್ಸು ಹತ್ತಿ ನೆರಿಯದ ನೆಂಟರ ಮನೆಗೆ ಹೋಗಿ ಅಲ್ಲಿ ಎರಡು ತಿಂಗಳು ಕೂತಿತು. ವಾಪಸು ಬರುವಾಗ ನಾಲ್ಕನೆಯ ಪುಟದಲ್ಲಿ ಅರಸಿನದ ಹೆಬ್ಬೆರಳಿನ ಗುರುತು, ಏಳನೆಯ ಪುಟದಲ್ಲಿ ಒಂದು ಖಾಲಿ ಜಾಗ. ವಿಚಾರಿಸಿದರೆ, ಆ ಫೋಟೋದಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗಿಗೆ ದುಬಾಯಿಯಲ್ಲಿರುವ ಗಂಡಿನ ಕಡೆಯಿಂದ ಕೇಳಿಕೆ ಬಂದಿದೆ, ಕಳಿಸಲಿಕ್ಕೆ ಬೇರೆ ಫೋಟೋ ಇರಲಿಲ್ಲ ಎಂದರು. ಸಂಬಂಧ ಕೂಡಿಬಂತು. ಈಗ ಅವಳಿಗೆ ಮೊಮ್ಮಗು. ಫೋಟೋ ಮಾತ್ರ ಇನ್ನೂ ದುಬಾಯಿಯಲ್ಲೇ ಉಂಟು.

ಹೀಗೆ ಊರೆಲ್ಲ ನೋಡಿದ ಆಲ್ಬಮ್ಮಿನ ಹನ್ನೊಂದನೆಯ ಪುಟವನ್ನು ನಾನು ಮಾತ್ರ ಬೇಗ ಬೇಗ ಮಗುಚುತ್ತಿದ್ದೆ. ಅದು ಧಾರೆಯ ಫೋಟೋ. ನಮ್ಮಿಬ್ಬರ ಕೈಯ ಮೇಲೆ ಅಪ್ಪ ಗಿಂಡಿ ಹಿಡಿದು ನೀರೆರೆಯುತ್ತಿದ್ದಾರೆ. ಪಕ್ಕದಲ್ಲಿ ಅಮ್ಮ. ಎಲ್ಲ ಸರಿ, ಆದರೆ ನಾಲ್ವರ ಬಾಯಿಯೂ ಕೆಂಪು, ಎಲೆಯಡಿಕೆ ಜಗಿದು ಜಗಿದು ಕೆಂಪು. ಧಾರೆಯಾಗುವವರೆಗೆ ಉಪವಾಸ ಇರಬೇಕಾದ ಹೆಣ್ಣಿನ ಅಪ್ಪ, ಕೆಂಪು ಹಲ್ಲು ತೋರಿಸಿ ದೊಡ್ಡದಾಗಿ ನಗುತ್ತಿದ್ದಾರೆ. ಗಿಂಡಿಯಿಂದ ಬೀಳುತ್ತಿರುವ ನೀರಂತೂ, ನೀವು ಕಣ್ಣಗಲಿಸಿ ಹುಡುಕಿದರೂ ಸಿಗುವುದಿಲ್ಲ.

ಅಪ್ಪ ಬಂಟ್ವಾಳದ ಕಡೆ ಶಾಲೆಯಲ್ಲಿ ಮಾಸ್ಟ್ರಾಗಿದ್ದವರು. ನಗು ಕಮ್ಮಿ. ನಿಜವಾದ ಧಾರೆ ಎರೆಯುವಾಗ ಅವರ ಗಿಂಡಿಯ ನೀರು ನನ್ನ ಮಣಿಕಟ್ಟಿನಿಂದ ಸೀರೆಯ ಮೇಲೆಲ್ಲ ಹರಿದಿತ್ತು. ಅವರು ಮೂಗು ಏರಿಸಿದ ಸದ್ದು ನನಗೆ ಕೇಳಿತ್ತು, ತಲೆಯೆತ್ತಿ ನೋಡುವ ಧೈರ್ಯ ಬಂದಿರಲಿಲ್ಲ. ಫೋಟೋ ಬರುತ್ತದಲ್ಲ, ಆಮೇಲೆ ನೋಡುವ ಅಂದುಕೊಂಡಿದ್ದೆ. ಆಮೇಲೆ ಊಟವಾಯಿತು. ನಾದಿನಿಯರು ನಮ್ಮಿಬ್ಬರ ಬಾಯಿಗೂ ಎಲೆಯಡಿಕೆ ತುರುಕಿದರು. ಅಷ್ಟರಲ್ಲಿ ಅಪ್ಪ ಬಂದು, "ಬನ್ನಿ, ಬೆಳಕು ಸಾಕಾಗಲಿಲ್ಲವಂತೆ, ಫೋಟೋಕ್ಕೆ ಇನ್ನೊಮ್ಮೆ ನಿಲ್ಲುವ" ಎಂದು ಎಲ್ಲರನ್ನೂ ಮಂಟಪಕ್ಕೆ ಹತ್ತಿಸಿದರು. ಪೊಳಲಿಯಲ್ಲಿ ಇನ್ನೊಂದು ಕಾರ್ಯಕ್ರಮವಿದ್ದ ಭಟ್ಟರು ಚೀಲ ಹೆಗಲಿಗೇರಿಸಿ ಹೊರಟಿದ್ದವರು ಅಲ್ಲೇ ನಿಂತರು.

"ಎರಡೆರಡು ಸಲ ಧಾರೆ ಎರೆಯುವ ಕ್ರಮ ಇಲ್ಲ ಮಾಸ್ಟ್ರೇ."

"ಗಿಂಡಿಯಲ್ಲಿ ನೀರಿಲ್ಲ ಭಟ್ರೇ. ಇದು ಬರೇ ಫೋಟೋಕ್ಕೆ."

"ನಗಬೇಡಿ ಮಾರಾಯ್ರೆ, ಬಾಯಿ ಕಾಣ್ತದೆ" ಎಂದು ಅಮ್ಮ ಪಿಸುಗುಟ್ಟಿದ್ದೂ ನೆನಪಿದೆ. (ಇದೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ನಮ್ಮವರೆಲ್ಲ ಸ್ವಲ್ಪ ಮರ್ಯಾದಸ್ಥರಾಗಿ ಕಾಣುತ್ತಿದ್ದಾರೆ, ಏನು ಮಾಡುವುದು.)

ಆಲ್ಬಮ್ ಬಂದಾಗ ಅದರಲ್ಲಿದ್ದದ್ದು ಈ ಎರಡನೆಯ ಧಾರೆ ಮಾತ್ರ. ಮೊದಲಿನದು ಸರಿ ಬರಲಿಲ್ಲವಂತೆ ಎಂದರು ಅಪ್ಪ. ನೆಂಟರು ಮಾಸ್ಟ್ರಿಗೆ ಫೋಟೋದ ಮರ್ಲು, ಅಂದರೆ ಹುಚ್ಚು, ಎಂದು ನಕ್ಕರು. ನನ್ನ ಗಂಡನ ಸೋದರತ್ತೆ, ಶಿರ್ತಾಡಿಯವರು, ಕನ್ನಡಕ ಏರಿಸಿ ಆ ಪುಟವನ್ನು ಚೆನ್ನಾಗಿ ನೋಡಿ, "ನಿಮ್ಮಲ್ಲಿ ಊಟ ಆದ ಮೇಲೆಯಾ ಧಾರೆ?" ಎಂದು ಎಲ್ಲರೆದುರು ಕೇಳಿದರು. ಹೊಸ ಮನೆ, ಹೊಸ ಸೊಸೆ. ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಮುಂದಿನ ಸಲ ತವರಿಗೆ ಹೋದಾಗ ಆ ಸಿಟ್ಟನ್ನೆಲ್ಲ ಅಪ್ಪನ ಮೇಲೆ ತೀರಿಸಿಕೊಂಡೆ. "ನಿಮಗೆ ನಗಲಿಕ್ಕೆ ಅದೇ ಹೊತ್ತು ಸಿಕ್ಕಿದ್ದಾ? ಧಾರೆ ಎರೆಯುವವರು ಮಗಳ ಕೈ ನೋಡ್ಬೇಕು. ನೀವು ಕೆಮರಾ ನೋಡಿದ್ದೀರಿ. ಇದ್ದ ಒಂದು ಫೋಟೋವನ್ನೂ ಹಾಳು ಮಾಡಿದ್ರಿ."

ಅಪ್ಪ, "ಬಾಯಿ ತೊಳೆದು ಬರಬಹುದಿತ್ತು ಮಗಾ. ಹೊಳೆಯಲಿಲ್ಲ" ಎಂದರು. ಅಷ್ಟೇ.

ಎರಡು ವರ್ಷದ ಮೇಲೆ ತಂಗಿಯ ಮದುವೆ. ಅವತ್ತು ಅಪ್ಪ ಎಲೆಯಡಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ತಿರುಗಿದರು, ಕೊನೆಯ ಫೋಟೋ ಮುಗಿದ ಮೇಲೆ ಬಾಯಿಗೆ ಹಾಕಿಕೊಂಡರು. ಅವಳ ಆಲ್ಬಮ್ಮಿನಲ್ಲಿ ಅವರು ಎಲ್ಲ ಕಡೆಯೂ ತುಟಿ ಬಿಗಿದು ನಿಂತಿದ್ದಾರೆ. ಆಗ ನಾನು, ಪರವಾಗಿಲ್ಲ, ಬುದ್ಧಿ ಬಂತು ಅಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅಪ್ಪ ತೀರಿಹೋಗಿ ಒಂಬತ್ತು ವರ್ಷ. ಗೋಡೆಯ ಮೇಲಿರುವುದು ಯಾವುದೋ ಅರ್ಜಿಗೆ ತೆಗೆಸಿದ ಬಿಗಿ ಮುಖದ ಫೋಟೋ. ಒಳ್ಳೆಯದೊಂದು ಬೇಕೆಂದರೆ ಹನ್ನೊಂದನೆಯ ಪುಟವೇ ಗತಿ. ಆ ಕೆಂಪು ತೆಗೆಸಿ, ಬಾಯಿ ಸ್ವಲ್ಪ ಮುಚ್ಚಿಸಿದರೆ ಆದೀತು ಎಂಬುದು ನನ್ನ ಯೋಚನೆ.

ಫೋಟೋಗಳು ಹಾಳೆಗೆ ಕಚ್ಚಿಕೊಂಡಿದ್ದವು, ಎಳೆದರೆ ಹರಿಯುವಂತಿದ್ದವು. ಹಾಗಾಗಿ ಆಲ್ಬಮ್ಮನ್ನು ಬೆಳ್ತಂಗಡಿಗೆ, ಅವತ್ತು ಫೋಟೋ ತೆಗೆದ ಪೊರ್ಬುಗಳ ಸ್ಟುಡಿಯೋಕ್ಕೇ ಒಯ್ದೆ. ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಹಾಗೆ ಕರೆಯುವುದು ರೂಢಿ. ಈಗ ಕಂಪ್ಯೂಟರಿನ ಮುಂದೆ ಕೂರುವುದು ಅವರ ಮಗಳು. ಪೊರ್ಬುಗಳು ಮೂಲೆಯ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಆಲ್ಬಮ್ ಕಂಡದ್ದೇ ಎದ್ದು ಬಂದರು. ಗಾಳಕ್ಕೆ ಕಟ್ಟುವ ತೆಳ್ಳಗಿನ ನೈಲಾನ್ ದಾರವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಫೋಟೋದ ಅಡಿಗೆ ತೂರಿಸಿ, ಗರಗಸದ ಹಾಗೆ ಆಚೀಚೆ ಎಳೆಯುತ್ತ ಒಂದೊಂದನ್ನೇ ಬಿಡಿಸತೊಡಗಿದರು. ಹನ್ನೊಂದನೆಯ ಪುಟ ಬಂದಾಗ ನಾನು, "ಇದರಲ್ಲಿ ಬಾಯಿಯ ಕೆಂಪು ತೆಗೀಲಿಕ್ಕೆ ಆಗ್ತದಾ? ನಗುವನ್ನೂ ಸ್ವಲ್ಪ ಕಮ್ಮಿ ಮಾಡಿ" ಎಂದೆ.

ಅವರ ಕೈ ನಿಂತಿತು. "ನೀವು ಮಾಸ್ಟ್ರ ಮಗಳಲ್ವಾ? ಅವರು ನಿಮಗೆ ಹೇಳ್ಲಿಲ್ವಾ?"

"ಏನನ್ನು?"

"ಬೆಳಕಿನ ಕತೆ ಎಲ್ಲ ಸುಳ್ಳು. ರೋಲು ಕೆಮರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲಿಲ್ಲ. ಮೂವತ್ತಾರು ಫೋಟೋಕ್ಕೆ ಮುಗಿಯಬೇಕಾದ್ದು ನಲುವತ್ತಾದರೂ ಮುಗಿಯಲಿಲ್ಲ. ಸಂಶಯ ಬಂದು ಕತ್ತಲೆ ಕೋಣೆಯಲ್ಲಿ ತೆಗೆದು ನೋಡಿದೆ, ಒಂದಿಂಚೂ ತಿರುಗಿಲ್ಲ. ಧಾರೆ ಇಡೀ ಹೋಗಿತ್ತು. ನಾನು ಸ್ವಂತಕ್ಕೆ ಹಿಡಿದ ಮೂರನೇ ಮದುವೆ ಅದು."

ಅವರು ದಾರವನ್ನು ಬೆರಳಿಗೆ ಸುತ್ತುತ್ತಾ ಮುಂದುವರಿಸಿದರು. "ಮಾಸ್ಟ್ರು ಊಟ ಮಾಡಿ ಎಲೆ ಹಾಕಿಕೊಂಡು ನಿಂತಿದ್ರು. ಹೇಳುವಾಗ ನನಗೆ ಅಳು ಬಂತು. ಅವರು, ಪೊರ್ಬುಗಳೇ ಮೆಲ್ಲ ಮಾತಾಡಿ, ಈ ಸುದ್ದಿ ಹೊರಗೆ ಹೋದ್ರೆ ನಾಳೆ ನಿಮ್ಮನ್ನು ಯಾರು ಕರೀತಾರೆ, ಇನ್ನೊಮ್ಮೆ ಎರೆಯುವ, ಬೆಳಕು ಸಾಲದು ಅಂತ ನಾನೇ ಹೇಳ್ತೇನೆ ಅಂದ್ರು. ಮಂಟಪದ ಎದುರು ನಿಂತೆ, ಕೈ ನಡುಗಿ ಕೆಮರಾ ಹಿಡೀಲಿಕ್ಕೇ ಆಗ್ಲಿಲ್ಲ. ಅವರು ನನ್ನ ಮುಖ ನೋಡಿದ್ರು. ಆಮೇಲೆ ಹೀಗೆ ನಕ್ಕರು."

ನಾನು ಫೋಟೋ ನೋಡಿದೆ. ಅಪ್ಪನ ಕಣ್ಣು ಕೆಮರಾದಿಂದ ಸ್ವಲ್ಪ ಮೇಲಕ್ಕಿತ್ತು. ಎಷ್ಟು ಸಲ ನೋಡಿದ್ದರೂ ಅದು ನನಗೆ ಕಂಡಿರಲಿಲ್ಲ. ನನ್ನ ಬೈಗಳನ್ನೆಲ್ಲ ಕೇಳಿಸಿಕೊಂಡು, ಆಗಲೂ ಈ ಮನುಷ್ಯನ ಹೆಸರು ಹೇಳದೆ, ಬಾಯಿ ತೊಳೆಯದ ತಪ್ಪೊಂದನ್ನೇ ಒಪ್ಪಿಕೊಂಡಿದ್ದರು. ಸ್ಟುಡಿಯೋದ ಸ್ಟೂಲಿನಲ್ಲಿ ಕೂತು ನಾನು ಅತ್ತೆ. ಪೊರ್ಬುಗಳ ಮಗಳು ನೀರು ತಂದುಕೊಟ್ಟು, ಏನೂ ಕೇಳದೆ ತನ್ನ ಕೆಲಸಕ್ಕೆ ಹೋದಳು.

ಪುಸ್ತಕ ಮೊನ್ನೆ ಬಂತು. ಹನ್ನೊಂದನೆಯ ಪುಟದ ಒಂದು ದೊಡ್ಡ ಪ್ರತಿಯನ್ನು ಬೇರೆಯಾಗಿ ಕಟ್ಟು ಹಾಕಿಸಿ, ಆ ಬಿಗಿ ಮುಖವನ್ನು ಇಳಿಸಿ ಅದೇ ಮೊಳೆಗೆ ತೂಗುಹಾಕಿದೆ. ಶ್ರಾವ್ಯ ಬಂದವಳು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

"ಅಮ್ಮ, ಅಜ್ಜನ ಹಲ್ಲೆಲ್ಲ ಕೆಂಪುಂಟಲ್ಲ. ಸರಿ ಮಾಡಿಸ್ಲಿಲ್ವಾ?"

"ಕೂತ್ಕೋ, ಹೇಳ್ತೇನೆ" ಎಂದೆ. "ಅವತ್ತು ನಮ್ಮಲ್ಲಿ ಊಟ ಆದ ಮೇಲೆ ಧಾರೆ."