ಸೂತ್ರದ ಕೆಳಗಿನ ಸಾಲು

ನನ್ನ ಅಕ್ಕನ ಗಂಡನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಕರೆಯುವುದು ‘ಅಂಚು ಸಾಹೇಬ್ರು’ ಎಂದು. ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟರಲ್ಲಿ ಭಾವ ಅವುಗಳ ಹಿಮ್ಮಡಿಗಳನ್ನೆಲ್ಲ ಒಂದೇ ಗೆರೆಗೆ ತಂದಿರುತ್ತಾರೆ. ಸೋಫಾದ ಮೇಲೆ ನಾನು ಹೇಗೆ ಕೂತರೂ ಅವರ ಕಣ್ಣಿಗೆ ನಾನೊಂದು ವಾಲಿದ ಸಾಲು.

ಗಣಿತದ ಪುಸ್ತಕಗಳ ಪುಟ ಕಟ್ಟುವುದು ಅವರ ಕೆಲಸ. ಮಿಕ್ಕವರೆಲ್ಲ ಕರಪತ್ರ, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು ಮಾಡುತ್ತಾರೆ. ಅವರ ಮೇಲೆ ಭಾವನಿಗೆ ಅಪಾರ ಕನಿಕರ. “ವಿಸಿಟಿಂಗ್ ಕಾರ್ಡಲ್ಲಿ ಒಂದು ಪ್ಯಾರಾನೂ ಇರಲ್ಲ ಕಣೋ. ಅದೂ ಒಂದು ಬದುಕಾ?”

ಆ ಬದುಕೇ ಅವರ ಬಾಗಿಲು ತಟ್ಟಿದ್ದು ನಿವೃತ್ತ ಗಣಿತದ ಟೀಚರೊಬ್ಬರ ದೆಸೆಯಿಂದ. ಟೀಚರ್ ತಮ್ಮ ಪುಸ್ತಕವನ್ನು ತಾವೇ ಟೈಪ್ ಮಾಡಿಕೊಟ್ಟಿದ್ದರು. ಸೂತ್ರಗಳಿಗೆ ಗಾಳಿಯಾಡಲಿ ಎಂದು ಪ್ರತಿಯೊಂದರ ಮೇಲೂ ಕೆಳಗೂ ಒಂದೊಂದು ಖಾಲಿ ಸಾಲು ಬಿಟ್ಟಿದ್ದರು. ಪುಟ ಕಟ್ಟುವ ಕಂಪ್ಯೂಟರಿಗೆ ಗಾಳಿ ಗೀಳಿ ತಿಳಿಯದು. ಖಾಲಿ ಸಾಲು ಕಂಡರೆ ಪ್ಯಾರಾ ಮುಗಿಯಿತೆಂದು ಬಗೆದು ಮುಂದಿನ ಸಾಲನ್ನು ಒಳಕ್ಕೆ ತಳ್ಳುತ್ತದೆ. ಹೀಗಾಗಿ ‘ವೃತ್ತದ ವಿಸ್ತೀರ್ಣವು’ ಎಂದು ಹೊರಟ ವಾಕ್ಯ ಸೂತ್ರವನ್ನು ದಾಟಿದ್ದೇ ತಡ, ‘ಆಗುತ್ತದೆ’ ಎಂಬ ಬಡಪಾಯಿ ಪದ ಜಗಳವಾಡಿ ಬೇರೆ ಮನೆ ಮಾಡಿದ ತಮ್ಮನ ಹಾಗೆ ಅಂಚು ಬಿಟ್ಟು ದೂರ ನಿಂತಿತ್ತು.

“ನನ್ನ ವಾಕ್ಯದ ಸೊಂಟ ಮುರಿದೋರು ಯಾರ್ರೀ?” ಎಂದು ಟೀಚರ್ ಪ್ರೂಫ್ ಹಿಡಿದು ಪ್ರೆಸ್ಸಿಗೇ ಬಂದರು.

“ನಿಮಿಷದ ಕೆಲಸ ಮೇಡಂ,” ಎಂದ ಭಾವ, ಸೂತ್ರದ ಕೆಳಗಿನ ಯಾವ ಸಾಲೂ ಒಳಸರಿಯಕೂಡದು ಎಂದು ಇಡೀ ಪುಸ್ತಕಕ್ಕೆ ಒಂದೇ ಆಜ್ಞೆ ಕೊಟ್ಟು, ತಿರುಗಿಯೂ ನೋಡದೆ ಹೊಸ ಪ್ರೂಫ್ ಕಳಿಸಿಬಿಟ್ಟರು. ಈಗ ನಿಜಕ್ಕೂ ಹೊಸ ಪ್ಯಾರಾ ಆಗಬೇಕಿದ್ದ ಸಾಲುಗಳೂ ಅಂಚಿಗೆ ಅಂಟಿಕೊಂಡವು. ಎಲ್ಲಿ ಒಂದು ವಿಷಯ ಮುಗಿದು ಇನ್ನೊಂದು ಶುರುವಾಯಿತೆಂಬುದು ದೇವರಿಗೂ ತಿಳಿಯುವಂತಿರಲಿಲ್ಲ. ಟೀಚರ್ ಮತ್ತೆ ಬಂದರು. ಈ ಸಲ ನೇರ ಪ್ರೆಸ್ಸಿನ ಯಜಮಾನರ ಕೋಣೆಗೆ.

“ಸೋಮವಾರ ಬೆಳಿಗ್ಗೆ ಮೇಡಂ ಸಹಿ ಹಾಕಿದ ಪ್ರೂಫ್ ನನ್ನ ಕೈಲಿರ್ಬೇಕು,” ಎಂದರು ಯಜಮಾನರು ಭಾವನಿಗೆ. “ಇಲ್ದಿದ್ರೆ ಗಣಿತದ ಕೆಲಸ ಹೊರಗೆ ಕೊಡ್ತೀನಿ. ನೀವು ವಿಸಿಟಿಂಗ್ ಕಾರ್ಡ್ ನೋಡ್ಕೊಳ್ಳಿ.”

ಭಾನುವಾರ ಊಟದ ಆಸೆಗೆ ನಾನು ಅಕ್ಕನ ಮನೆಗೆ ಹೋದೆ. ಊಟದ ಮೇಜಿನ ಮೇಲೆ ತಟ್ಟೆಗಳ ಬದಲು ಪ್ರೂಫ್ ಹಾಳೆಗಳು. ಒಂದು ಕಡೆ ಟೀಚರ್, ಇನ್ನೊಂದು ಕಡೆ ಲ್ಯಾಪ್‌ಟಾಪ್ ಹಿಂದೆ ಭಾವ.

“ಲೋ ಭಾಮೈದ, ನಿಂಗೆ ಗಣಿತ ಬರುತ್ತೇನೋ?”

“ಹೈಸ್ಕೂಲಲ್ಲೇ ಗಣಿತಕ್ಕೂ ನಂಗೂ ಮಾತು ಬಿಟ್ಟಿದೆ ಭಾವ.”

“ಹಾಗಾದ್ರೆ ನೀನೇ ಸರಿ. ಕೂತ್ಕೊಂಡು ಓದು.”

ಕಾರಣವಿತ್ತು. ಭಾವ ಆ ಒಂದೇ ಆಜ್ಞೆಯನ್ನು ವಾಪಸ್ ತೆಗೆದಿದ್ದರು; ಈಗ ಪ್ರತಿ ಸೂತ್ರದ ಕೆಳಗಿನ ಸಾಲನ್ನೂ ಒಂದೊಂದಾಗಿ ನೋಡಬೇಕಿತ್ತು. ಟೀಚರಿಗೆ ಎಲ್ಲ ಅರ್ಥವಾಗುವುದರಿಂದ ಕಣ್ಣು ಮುಂದಕ್ಕೆ ಜಾರುತ್ತಿತ್ತು. ಭಾವನಿಗೆ ಬಿಳಿ ಜಾಗ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬರೆದಷ್ಟನ್ನೇ ಪೆದ್ದನಂತೆ ಓದುವ ಮೂರನೆಯವನೊಬ್ಬ ಬೇಕಾಗಿದ್ದ. ಸೂತ್ರ ಬಂದಾಗ ನಾನು ಚಮಚದಿಂದ ಮೇಜು ಕುಟ್ಟಿ ಮುಂದೆ ಹೋಗಬೇಕು.

“ಚೌಕದ ವಿಸ್ತೀರ್ಣವು, ಟಕ್, ಆಗುತ್ತದೆ.”

“ಒಂದೇ ಮಾತು. ಅಂಚಿಗೇ ಇರಲಿ,” ಎಂದರು ಟೀಚರ್. ಭಾವ ಅಲ್ಲಿಯ ಖಾಲಿ ಸಾಲನ್ನು ಅಳಿಸಿದರು.

“ಟಕ್. ಈಗ ತ್ರಿಕೋನವನ್ನು ನೋಡೋಣ.”

“ಹೊಸ ಮಾತು. ಒಳಗೆ ತಳ್ಳಿ.” ಅಲ್ಲಿ ಖಾಲಿ ಸಾಲು ಉಳಿಯಿತು.

ಹೀಗೆ ಟಕ್ಕಿನ ಮೇಲೆ ಟಕ್ಕು. “ನನ್ನ ಒಳ್ಳೇ ಚಮಚ ಬಗ್ಗಿಸ್ಬೇಡ್ವೋ!” ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು. “ಇಷ್ಟೊಂದು ಸೂತ್ರ ಬರ್ದಿರೋ ಪುಣ್ಯಾತ್ಮರು ಯಾರು?”

“ನಾನೇ ಕಣಮ್ಮ,” ಎಂದರು ಟೀಚರ್.

ಗಾಡಿ ಕೆಟ್ಟು ನಿಂತದ್ದು ಕೊನೆಯ ಅಧ್ಯಾಯದಲ್ಲಿ. “ಟಕ್. ಇದರ ಅರ್ಥವೇನು?” ಎಂದು ಓದಿದೆ.

“ಮುಂದುವರಿಕೆ,” ಎಂದರು ಟೀಚರ್.

“ಹೊಸ ಪ್ಯಾರಾ,” ಎಂದರು ಭಾವ.

“ಪುಸ್ತಕ ನಂದು ರೀ.”

“ಪುಟ ನಂದು ಮೇಡಂ.”

ಟೀಚರ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಸಹಿ ಅಲ್ಲಿಗೆ ನಿಂತಿತು. ಭಾವನ ಮುಖದಲ್ಲಿ ವಿಸಿಟಿಂಗ್ ಕಾರ್ಡುಗಳು ಸಾಲುಗಟ್ಟಿದ್ದು ನನಗೇ ಕಂಡಿತು. ದಿಕ್ಕು ತೋಚದೆ ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಅಕ್ಕ ನೀರಿನ ಲೋಟ ಹಿಡಿದು ಬಂದಳು.

“ಅರ್ಥವೇನು ಅರ್ಥವೇನು ಅಂತ ಆಗಿಂದ ಕೇಳ್ತಿದ್ದೀರ. ಕೇಳೋಕೆ ಮುಂಚೆ ಮಕ್ಕಳಿಗೆ ಆ ಸೂತ್ರ ನೋಡೋಕೆ ಒಂಚೂರು ಬಿಡುವು ಬೇಡ್ವಾ?”

ಟೀಚರ್ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಮೆಲ್ಲಗೆ ನಕ್ಕರು. “ಹೌದು ಕಣಮ್ಮ. ಕ್ಲಾಸಲ್ಲೂ ಇಲ್ಲಿಗೆ ಬಂದಾಗ ಚಾಕ್ ಕೆಳಗಿಟ್ಟು, ಮಕ್ಕಳ ಕಡೆ ತಿರುಗ್ತಿದ್ದೆ. ತಳ್ಳಿ ರೀ ಒಳಗೆ.”

ಭಾವ ಗೆದ್ದ ಮುಖ ಮಾಡಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಸೋಮವಾರ ಭಾವ ಫೋನ್ ಮಾಡಿದರು. ಯಜಮಾನರು ಸಹಿಯಾದ ಪ್ರೂಫಿನ ಪುಟ ತಿರುವಿ ‘ಹೂಂ’ ಎಂದರಂತೆ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಪ್ರೆಸ್ಸಿನಲ್ಲಿ ಯಾರೂ ಕೇಳಿಲ್ಲ.

“ಟೀಚರ್ ಪುಸ್ತಕದ ಎರಡನೇ ಭಾಗಾನೂ ನಂಗೇ ಕಣೋ! ಆದ್ರೆ ಟೀಚರ್ ಒಂದು ಷರತ್ತು ಹಾಕಿದಾರೆ. ಓದೋಕೆ ನೀನೇ ಬರ್ಬೇಕಂತೆ. ಇಷ್ಟು ಅಪ್ಪಟವಾಗಿ ಗಣಿತ ಬರ್ದೇ ಇರೋನು ಬೇರೆ ಎಲ್ಲೂ ಸಿಗಲ್ವಂತೆ.”