ಗ್ರಾಸ್ಯಾನ್ ಬಾಯಿಪಾಠ ಮಾಡಿದ್ದ ಹೊಳೆ

ತೂಕಕ್ಕೆ ಹಾಕಿದರೆ ಗ್ರಾಸ್ಯಾನ್ ಲುಸ್ತಾಲೊ ಎಪ್ಪತ್ತು ಕಿಲೊ ಬಂದಾನು. ಅದರಲ್ಲಿ ನಾಲ್ಕು ಕಿಲೊ ಒದ್ದೆ ಬೂಟಿನದು. ವಯಸ್ಸು ಅರವತ್ತೊಂದು. ಮಂಡಿ ಎರಡೂ ಸವೆದಿವೆ, ಬೆನ್ನು ಗಟ್ಟಿ, ಹಲ್ಲು ಸ್ವಂತದ್ದು. ಮೈಮೇಲಿನ ಜಾಕೀಟು ಹದಿನಾಲ್ಕು ವರ್ಷದ ಹಿಂದೆ ಗಾಳದ ಸಾಮಾನಿನ ನಮ್ಮ ಅಂಗಡಿಯಲ್ಲೇ ಕೊಂಡದ್ದು. ಹೊಸದೊಂದನ್ನು ಅವನ ತಲೆಗೆ ಕಟ್ಟಲು ಪ್ರತಿ ಮಾರ್ಚಿನಲ್ಲೂ ಹೆಣಗಿ ಸೋತಿದ್ದೇನೆ. ಗಿರಾಕಿಯಾಗಿ ಅವನು ದಂಡ. ಆದರೆ ಗಿರಾಕಿಗಳನ್ನು ಎಳೆದು ತರುವ ಸರಕು ಎಂದು ನೋಡಿದರೆ, ಪಿರಿನೀಸ್ ಬೆಟ್ಟದ ಈ ಕಣಿವೆಯಲ್ಲಿ ಕುರಿಹಾಲಿನ ಚೀಸ್ ಬಿಟ್ಟು ಅವನಷ್ಟು ಬೆಲೆ ಬಾಳುವುದು ಇನ್ನೊಂದಿರಲಿಲ್ಲ.

ಅವನ ಕಸುಬು ಮೀನು ಹಿಡಿಯುವುದಲ್ಲ, ತೋರಿಸುವುದು. ನಮ್ಮ ಅಂಗಡಿಯ ಮೂಲಕ ದಿನ ಗೊತ್ತುಮಾಡಿಕೊಂಡು ಪ್ಯಾರಿಸಿನಿಂದಲೋ ಬ್ರಸೆಲ್ಸಿನಿಂದಲೋ ಬಂದ ಅತಿಥಿಯ ಕೈಯಲ್ಲಿ ಗಾಳದ ಕೋಲು. ದಾರದ ತುದಿಯಲ್ಲಿ ಗರಿ ಸುತ್ತಿ ನೊಣದ ವೇಷ ಹಾಕಿಸಿದ ಕೊಕ್ಕೆ. ಗ್ರಾಸ್ಯಾನ್ ಅವರ ಭುಜದ ಹಿಂದೆ ನಿಂತು ಪಿಸುಗುಟ್ಟುತ್ತಿದ್ದ: "ಆ ಬೂದು ಕಲ್ಲಿನ ಎಡಕ್ಕೆ, ಒಂದು ಮೊಳ ಮೇಲೆ. ಹಾಂ, ಬಿಡಿ." ನೊಣ ಅಲ್ಲಿ ಇಳಿಯುತ್ತಿತ್ತು, ಟ್ರೌಟ್ ಮೀನು ಮೇಲೆದ್ದು ಬಾಯಿ ಹಾಕುತ್ತಿತ್ತು. ಒಂದು ಫೋಟೊ ಆದಮೇಲೆ ಮೀನು ವಾಪಸು ನೀರಿಗೆ. ಬೇರೆಯವರಿಗೆ ಬರೀ ನೀರು ಕಾಣುವಲ್ಲಿ ಗ್ರಾಸ್ಯಾನ್‌ಗೆ ಮೀನು ಕಾಣುತ್ತದೆ ಎಂದು ದೂರದೂರದಲ್ಲಿ ಹೆಸರಾಗಿತ್ತು.

ಎರಡು ವರ್ಷದಿಂದ ಅವನಿಗೆ ಒಂದು ಮೀನೂ ಕಂಡಿರಲಿಲ್ಲ.

ಮೊದಲು ಹೋದದ್ದು ನೋಟದ ಅಂಚುಗಳು. ಮೇಜಿನ ತುದಿಯಲ್ಲಿಟ್ಟ ಲೋಟ ಕೈ ತಗಲಿ ಬೀಳತೊಡಗಿತು. ಆಮೇಲೆ ನಡುವೆಯೂ ಹಬೆ ಹಿಡಿದ ಗಾಜಿನ ಹಾಗೆ ಮಬ್ಬು. ದಡ, ಮರ, ಮನುಷ್ಯರ ಆಕಾರ ತಿಳಿಯುತ್ತಿತ್ತು. ನೀರಿನೊಳಗಿನದು ಏನೂ ಇಲ್ಲ. ಅವನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಟ್ರೌಟ್ ಜಾಗದ ಆಸೆಬುರುಕ ಪ್ರಾಣಿ. ಸೆಳೆತ ತಪ್ಪಿಸುವ ಕಲ್ಲು, ಆಹಾರ ತರುವ ಹರಿವು ಎರಡೂ ಒಟ್ಟಿಗೆ ಸಿಕ್ಕಿದ ಕಡೆ ದೊಡ್ಡದೊಂದು ಬೀಡುಬಿಟ್ಟಿರುತ್ತದೆ. ಅದು ಸತ್ತರೆ ಸಂಜೆಯೊಳಗೆ ಅದರ ನಂತರದ್ದು ಬಂದು ಕೂರುತ್ತದೆ. ಒಳ್ಳೆಯ ಕಲ್ಲು ಖಾಲಿ ಇರುವುದೇ ಇಲ್ಲ. ಹಾಗಾಗಿ ಮೀನು ಕಾಣಬೇಕೆಂದಿಲ್ಲ, ಕಲ್ಲು ಗೊತ್ತಿದ್ದರೆ ಸಾಕು. ಮೇಲಿನ ಸೇತುವೆಯಿಂದ ಗರಗಸದ ಮಿಲ್ಲಿನವರೆಗೆ ಮೂರು ಕಿಲೋಮೀಟರ್ ಹೊಳೆ ನಲವತ್ತು ವರ್ಷದಲ್ಲಿ ಅವನಿಗೆ ಬಾಯಿಪಾಠವಾಗಿತ್ತು.

ಅಂಗಡಿಯ ಕಟ್ಟೆಯ ಈಚೆಗೆ ಕೂತ ನನಗೆ ಇದು ತಿಳಿಯದೇ ಇರಲಿಲ್ಲ. ದಾರ ಪೋಣಿಸುವ ತೂತು ದೊಡ್ಡದಿರುವ ಕೊಕ್ಕೆ ಕೇಳುತ್ತಿದ್ದ. ಕೊಟ್ಟರೆ, "ನೀನೇ ಕಟ್ಟಿಕೊಡು ಸಾವ್ಕಾರ, ಕನ್ನಡಕ ಮನೇಲಿದೆ" ಎನ್ನುತ್ತಿದ್ದ.

"ನಿನ್ ಕನ್ನಡಕ ವರ್ಷಕ್ಕೆ ಮುನ್ನೂರು ದಿನ ಮನೇಲೇ ಇರತ್ತಲ್ಲೋ. ಬಾಡಿಗೆ ಕೊಡುತ್ತಾ?"

"ಅದಕ್ಕೆ ತಣ್ಣೀರು ಒಗ್ಗಲ್ಲ, ಮಾರಾಯ."

ಇಬ್ಬರೂ ನಕ್ಕು ಮಾತು ಅಲ್ಲಿಗೇ ಬಿಡುತ್ತಿದ್ದೆವು. ಅವನ ಪಿಂಚಣಿಗೆ ಆಗ ಮೂರೂವರೆ ವರ್ಷವಿತ್ತು. ಅತಿಥಿಗಳು ಬರುತ್ತಿದ್ದರು, ಮೀನು ಸಿಗುತ್ತಿತ್ತು, ಒಬ್ಬರೂ ದೂರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ನೆರೆ ಬಂತು. ಮೂರು ದಿನದ ಮಳೆ. ಹೊಳೆ ಮಿಲ್ಲಿನ ಅಂಗಳವನ್ನೂ ಕೆಳಗಿನ ಗದ್ದೆಯ ಹನ್ನೊಂದು ಆಕ್ರೋಟು ಮರಗಳನ್ನೂ ಅರ್ಧ ರಸ್ತೆಯನ್ನೂ ಹೊತ್ತುಕೊಂಡು ಹೋಯಿತು. ಊರೆಲ್ಲ ಸೇತುವೆಯ ಮೇಲೆ ನಿಂತು ಶಪಿಸುತ್ತಿತ್ತು. ಗ್ರಾಸ್ಯಾನ್ ಕಟಕಟೆ ಹಿಡಿದು ತಲೆ ಬಗ್ಗಿಸಿ ನಿಂತಿದ್ದ. ಪಕ್ಕಕ್ಕೆ ಬಂದವನು ಕುರಿ ಕಾಯುವ ಪೇಯೊ, ಅವನ ಬಾಲ್ಯದ ಜೊತೆಗಾರ.

"ಏನಯ್ಯಾ ಅಷ್ಟು ನೋಡ್ತಿದೀಯಾ?"

"ನೋಡ್ತಿಲ್ಲ. ಕೇಳ್ತಿದೀನಿ."

ಕೆಸರು ನೀರಿನ ಅಡಿಯಲ್ಲಿ ಕಲ್ಲುಗಳು ಉರುಳುತ್ತಿದ್ದವು, ತುಂಬಿದ ಗಾಡಿಗಳು ಸಾಲಾಗಿ ಹೋದ ಹಾಗೆ. ಒಂದೊಂದೂ ಯಾವುದಿರಬಹುದು ಎಂದು ಅವನು ಲೆಕ್ಕ ಹಾಕಲು ನೋಡಿದ, ಸ್ವಲ್ಪ ಹೊತ್ತಿಗೆ ಬಿಟ್ಟುಬಿಟ್ಟ. ಎದೆಯಲ್ಲಿ ಏನಾದರೂ ಆಗಬೇಕಿತ್ತು ಅನ್ನಿಸಿತು. ಏನೂ ಆಗಲಿಲ್ಲ. ಮನೆಗೆ ಹೋಗಿ ಕೋಸು, ಹುರುಳಿಕಾಯಿ ಹಾಕಿದ ಹಿಂದಿನ ದಿನದ ಸಾರು ಬಿಸಿ ಮಾಡಿ ಉಂಡ, ಬಟ್ಟಲು ತೊಳೆದ, ಮಲಗಿದ.

ಪಿಂಚಣಿಗೆ ಉಳಿದದ್ದು ಇನ್ನೆರಡು ಬೇಸಿಗೆ. ಆ ಎರಡನ್ನು ದಾಟಿಸಬೇಕಾದರೆ ಹೊಸ ಹೊಳೆಯನ್ನು ಮೊದಲಿನಿಂದ ಕಲಿಯಬೇಕು, ಅದೂ ಕಣ್ಣಿಲ್ಲದೆ. ಏಪ್ರಿಲಿನಿಂದ ಅವನು ದಿನಾ ಒಬ್ಬನೇ ನೀರಿಗಿಳಿದ. ಕೈಯಲ್ಲಿ ಕೋಲು, ಪಾದದಲ್ಲಿ ತಡಕಾಟ. ಅದು ಮೇಲಿನ ಹಿಮ ಕರಗಿ ಬರುವ ನೀರು. ಹತ್ತು ನಿಮಿಷಕ್ಕೆ ಕಾಲು ಮರಗಟ್ಟುತ್ತಿತ್ತು. ಮರಗಟ್ಟಿದ ಪಾದಕ್ಕೆ ಕಲ್ಲೂ ಒಂದೇ, ಮರಳೂ ಒಂದೇ. ದಡಕ್ಕೆ ಬಂದು ಪಾದ ಉಜ್ಜಿಕೊಂಡು ಮತ್ತೆ ಇಳಿಯುತ್ತಿದ್ದ.

ಸೇತುವೆಯ ಮೇಲಿಂದ ಪೇಯೊ ಕೂಗಿದ: "ಕಳ್ಕೊಂಡಿದ್ದೇನೋ? ಮದುವೆ ಉಂಗುರವಾ?"

"ಮದುವೇನೇ ಆಗಿಲ್ವಲ್ಲೋ ದಡ್ಡ."

"ಹಂಗಾದ್ರೆ ಹೆಂಡ್ತೀನೇ ಹುಡುಕ್ತಿರ್ಬೇಕು."

"ಸಿಕ್ಕಿದ್ರೆ ನಿನ್ನ ಹತ್ರಾನೇ ಕಳಿಸ್ತೀನಿ. ನಿಂಗೂ ನಿನ್ ಕುರಿಗಳಿಗೂ ಬುದ್ಧಿ ಹೇಳೋಕೆ ಒಬ್ಬರು ಬೇಕು."

ಮೇ ಮುಗಿಯುವ ಹೊತ್ತಿಗೆ ಅವನಿಗೆ ಪಾಠವಾದದ್ದು ಸೇತುವೆಯ ಕೆಳಗಿನ ನೂರನಲವತ್ತು ಹೆಜ್ಜೆ ನೀರು, ಒಂಬತ್ತು ಕಲ್ಲು.

ಜೂನಿನ ಎರಡನೇ ವಾರ ಹೋಡೆಲೀವ ಮಾಸ್ ಬಂದಳು. ಗೆಂಟ್ ಊರಿನ ಕೋರ್ಟಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದ ಹೆಂಗಸು, ಎಪ್ಪತ್ತರ ಹತ್ತಿರ. ಹದಿನೇಳನೆಯ ವರ್ಷ ಬರುತ್ತಿದ್ದವಳು. ಯಾವಾಗಲೂ ಮೂರು ದಿನ, ಯಾವಾಗಲೂ ಗ್ರಾಸ್ಯಾನ್. ಬೆಳಿಗ್ಗೆ ಅವನು ಅವಳನ್ನು ತನ್ನ ಒಂಬತ್ತು ಕಲ್ಲುಗಳ ಮುಂದೆ ಒಂದೊಂದಾಗಿ ನಿಲ್ಲಿಸಿದ. ನಾಲ್ಕು ಮೀನು ಎದ್ದವು, ಮೂರು ಸಿಕ್ಕಿದವು. ಮಧ್ಯಾಹ್ನ ಬ್ರೆಡ್ಡು, ಚೀಸ್, ಒಣಗಿಸಿದ ಹಂದಿಮಾಂಸ ತಿಂದರು.

ಅವಳು ಕೈ ಒರೆಸಿಕೊಂಡು ಎದ್ದಳು. "ಇನ್ನು ಮಿಲ್ಲಿನ ಮಡು."

"ಅಲ್ಲಿ ನೀರು ಕಲಕಾಗಿದೆ, ಮೇಡಂ."

"ಬರ್ತಾ ಕಾರಲ್ಲಿ ನೋಡಿದೆ. ಗಾಜಿನ ಥರ ತಿಳಿಯಾಗಿದೆ."

"ಬಿಸಿಲು ಜಾಸ್ತಿ."

"ನಂಗೆ ಟೋಪಿ ಇದೆ. ನಿಮಗೇನು ವಯಸ್ಸಾಯ್ತಾ ಗ್ರಾಸ್ಯಾನ್, ನಡೆಯೋಕೆ ಸೋಮಾರಿತನ?"

ಹೋದರು. ಮಿಲ್ಲಿನ ಹತ್ತಿರ ಅವನ ಪಾದ ಇನ್ನೂ ಮುಟ್ಟಿರಲಿಲ್ಲ. ಅವನು ನಿಂತು ಕಿವಿಗೊಟ್ಟ. ಎದುರಿಗೆ ಎಲ್ಲೋ ನೀರು ಗುಳುಗುಳು ಅನ್ನುತ್ತಿತ್ತು; ನಡುವೆ ಬೂದು ಬಣ್ಣದ್ದೇನೋ ಮಬ್ಬಾಗಿ ಕಂಡಿತು. ಹದಿನಾರು ವರ್ಷ ಅದೇ ಜಾಗದಲ್ಲಿ ಹೇಳಿದ್ದನ್ನೇ ಹೇಳಿದ: "ಬೂದು ಕಲ್ಲಿನ ಎಡಕ್ಕೆ. ಒಂದು ಮೊಳ ಮೇಲೆ. ಬಿಡಿ."

ಅವಳು ಒಂದು ಕ್ಷಣ ತಡೆದು, ನೊಣ ಬಿಟ್ಟಳು. ಏನೂ ಏಳಲಿಲ್ಲ. "ಇನ್ನೊಮ್ಮೆ." ಬಿಟ್ಟಳು. "ಇನ್ನು ಸ್ವಲ್ಪ ಎಡಕ್ಕೆ." ಎಡಕ್ಕೆ ಬಿಟ್ಟಳು. ಹೀಗೆ ಇಪ್ಪತ್ತು ನಿಮಿಷ. ಆಮೇಲೆ ದಾರ ಸುತ್ತಿಕೊಂಡು ದಡದ ಹುಲ್ಲಿನ ಮೇಲೆ ಕೂತಳು. ಅವನೂ ಕೂತ.

"ಅಲ್ಲಿ ಕಲ್ಲಿಲ್ಲ, ಗ್ರಾಸ್ಯಾನ್."

"ನೆರೆ ತಗೊಂಡು ಹೋಯ್ತೇನೋ."

"ಅಲ್ಲಿ ನೀರೂ ಇಲ್ಲ. ಜಲ್ಲಿ ದಿಬ್ಬ ಅದು. ಇಷ್ಟು ಹೊತ್ತೂ ನಾನು ಒಣ ಜಲ್ಲಿ ಮೇಲೆ ನೊಣ ಇಳಿಸ್ತಿದೀನಿ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಹೇಳಿದ ಕಡೆ ಹಾಕೋದು ಹದಿನೇಳು ವರ್ಷದ ಅಭ್ಯಾಸ. ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ."

"ಹೋದ ಬೇಸಿಗೇಲಿ ಅಷ್ಟು ದೊಡ್ಡ ಮೀನು ತೋರಿಸಿದ್ರಲ್ಲ?"

"ಅದನ್ನ ನೋಡಿದ್ದು ನೀವು. ನಾನು ಕಲ್ಲು ಹೇಳಿದೆ ಅಷ್ಟೆ."

ಅವಳು ನಗಲಿಲ್ಲ. "ಡಾಕ್ಟರ ಹತ್ರ?"

"ಹೋಗಿಲ್ಲ. ಹೋದ್ರೆ ಕಾಗದದ ಮೇಲೆ ಬರೀತಾರೆ. ಬರೆದ್ರೆ ನನ್ನ ಕೆಲಸದ ಪರವಾನಗಿ ಹೋಗತ್ತೆ."

ಅವನು ನಾಚಿಕೆಗಾಗಿ ಕಾದ. ಅದು ಬರಲಿಲ್ಲ. ಭಯವೂ ಬರಲಿಲ್ಲ. ಬೂಟಿನೊಳಗೆ ಒಂದು ಕಲ್ಲುಹರಳು ಸೇರಿಕೊಂಡಿತ್ತು. ಅದರ ಒತ್ತಡ ಮಾತ್ರ ತಿಳಿಯುತ್ತಿತ್ತು, ನೋವಾಗುತ್ತಿರಲಿಲ್ಲ.

ವಾಪಸು ಬರಲು ಹೊಳೆ ದಾಟಬೇಕಿತ್ತು. ದಾಟುವಾಗ ಇಲ್ಲಿ ಒಂದು ರೂಢಿ: ಅತಿಥಿಯ ತೋಳು ಹಿಡಿದು ಮಾರ್ಗದರ್ಶಿ ಹರಿವಿನ ಮೇಲ್ಗಡೆ ನಿಲ್ಲುತ್ತಾನೆ, ಸೆಳೆತ ಮೊದಲು ಅವನ ಕಾಲಿಗೆ ಬಡಿಯಲಿ ಎಂದು. ಹೋಡೆಲೀವ ಅವನನ್ನು ಸುತ್ತಿ ಬಂದು ಮೇಲ್ಗಡೆಗೆ ನಿಂತಳು, ತೋಳು ಹಿಡಿದಳು. ಅವನು ಬೇಡ ಎನ್ನಲಿಲ್ಲ. ಅವಳ ಕಾಲು ತಡೆದ ನೀರು ಅವನ ಕಾಲಿಗೆ ಮೆತ್ತಗೆ ಬಂತು. ನಲವತ್ತು ವರ್ಷದಲ್ಲಿ ಅವನು ಆ ಬದಿಯಲ್ಲಿ ನಡೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳ ಕಾರು ಅವನ ಬಾಗಿಲಿಗೆ ಬಂತು.

"ಹತ್ತಿ. ಪೋ ಪೇಟೆಗೆ ಹೋಗೋಣ, ಕಣ್ಣಿನ ಆಸ್ಪತ್ರೆಗೆ."

"ಮೇಡಂ, ಇವತ್ತು ನಿಮ್ಮ ಮೀನಿನ ದಿನ."

"ನನ್ನ ದಿನ ತಾನೆ? ನಂಗೆ ಬೇಕಾದ ಕಡೆ ಕರ್ಕೊಂಡ್ ಹೋಗ್ತೀನಿ. ಬೂಟು ಬಿಚ್ಚಿ, ಸೀಟು ಒದ್ದೆಯಾಗತ್ತೆ."

ನಾಲ್ಕು ಗಂಟೆ ಕಾದ ಮೇಲೆ ಎಳೆವಯಸ್ಸಿನ ಡಾಕ್ಟರಮ್ಮ ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ. ಹೋದದ್ದು ಬರುವುದಿಲ್ಲ, ಹನಿ ಹಾಕಿಕೊಂಡರೆ ಇರುವಷ್ಟು ಉಳಿಯುತ್ತದೆ. "ಎರಡು ವರ್ಷ ಮುಂಚೆ ಬಂದಿದ್ರೆ ನಿಮ್ಮ ಕೆಲಸಕ್ಕೆ ಸಾಕಾಗೋಷ್ಟು ಉಳಿಸಬಹುದಿತ್ತು" ಎಂದಳು. ಗ್ರಾಸ್ಯಾನ್ ತಲೆಯಾಡಿಸಿ, ಹನಿ ದಿನಕ್ಕೆ ಎಷ್ಟು ಸಲ ಎಂದು ಕೇಳಿದ.

ಸಂಜೆ ಅಂಗಡಿಗೆ ಬಂದ. ಬೇರೆ ಗಿರಾಕಿ ಯಾರೂ ಇರಲಿಲ್ಲ.

"ಜುಲೈಗೆ ಬರ್ತೀವಿ ಅಂದೋರು ಇದಾರಲ್ಲ, ಬೇರೆ ಯಾರಿಗಾದ್ರೂ ಒಪ್ಪಿಸು. ಪರವಾನಗಿ ವಾಪಸ್ ಕಳಿಸಿದೀನಿ."

ನಾನು ಸರಿ ಎಂದೆ.

"ನಿಂಗೆ ಗೊತ್ತಿತ್ತು" ಎಂದ. ಕೇಳಿದ್ದಲ್ಲ, ಹೇಳಿದ್ದು.

"ಗೊತ್ತಿತ್ತು."

"ಎಂದಿನಿಂದ?"

"ಶುರುವಿನಿಂದ."

"ಹೂಂ. ನಾನೂ ಹಂಗೇ ಅಂದ್ಕೊಂಡಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ವ್ಯವಹಾರ ಸುಲಭವಾಗುತ್ತಿತ್ತು. ಹೊರಗೆ ಮಳೆ ಬರುತ್ತಿದೆಯೇ ಎಂದು ಕೇಳಿ, ನಾನು ಇಲ್ಲ ಎಂದ ಮೇಲೆ ಹೊರಟ.

ಈಗ ಅವನು ಹಗಲು ಪೇಯೊನ ಜೊತೆ ಚೀಸ್ ಮಾಡುವ ಗುಡಿಸಲಿನಲ್ಲಿ ಹಾಲು ತಿರುವುತ್ತಾನೆ. ಪಿಂಚಣಿ ಎರಡು ಬೇಸಿಗೆಯಷ್ಟು ಕಡಿಮೆ ಬರುತ್ತದೆ. ಹನಿ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುತ್ತಾನೆ. ಹೋಡೆಲೀವ ಸೆಪ್ಟೆಂಬರಿನಲ್ಲಿ ಮತ್ತೆ ಬಂದು, ಕೋಲು ಮುಟ್ಟದೆ ಎರಡು ದಿನ ಅವನ ಜೊತೆ ಕೂತು ಹೋದಳು. ಹೊಳೆಯ ಬಗ್ಗೆ ಅವನು ಮಾತೆತ್ತುವುದಿಲ್ಲ, ಕೇಳಿದರೆ ಉತ್ತರ ಕೊಡುತ್ತಾನೆ.

"ಡಾಕ್ಟರ ಹತ್ತಿರ ಹೋಗು" ಎಂಬ ಒಂದು ಮಾತನ್ನು ನಾನು ಎರಡು ವರ್ಷದ ಹಿಂದೆ ಗ್ರಾಸ್ಯಾನ್‌ಗೆ ಹೇಳಬೇಕಾಗಿತ್ತು. ಹೇಳಿದ್ದರೆ ಅತಿಥಿಗಳು ಬರುವುದು ನಿಲ್ಲುತ್ತಿತ್ತು, ನನ್ನ ವ್ಯಾಪಾರವೂ; ಅದಕ್ಕೇ ಹೇಳಲಿಲ್ಲ. ಅವನಿಗೆ ನಾನು ಬಾಕಿ ಇಟ್ಟುಕೊಂಡಿರುವುದು ಆ ಮಾತು.